ಚಿಕ್ಕಮ್ಮನ ಮೂತ್ರಕೋಶ ಸಂಶೋಧನೆ

ನಮ್ಮ ಚಿಕ್ಕಮ್ಮನ ಮೂತ್ರಕೋಶದ ವಿಷಯ ಸಂತೆಬಾಚಹಳ್ಳಿಯಲ್ಲಿ ಯಾರಿಗಾದರೂ ಗೊತ್ತಿಲ್ಲವೆಂದರೆ, ಅವರು ನಿನ್ನೆ ಮೊನ್ನೆ ಹುಟ್ಟಿದವರಿರಬೇಕು!

ಹೆಂಗಸರಿಗೆ ಬರುವ ಮೂತ್ರಕೋಶದ ತೊಂದರೆಯನ್ನು ಮೊದಲೇ ತಡೆಯುವುದು ಹೇಗೆಂದು ಸಂಶೋಧನೆ ಮಾಡಲು ಡಾಕ್ಟರಮ್ಮಂದಿರು ಊರಿಗೆ ಬಂದಿದ್ದರು. ತೊಂದರೆ ಇರುವವರೂ ಇಲ್ಲದವರೂ ಸೇರಬಹುದಂತೆ. ಮಿಕ್ಕವರು ಬಾಯಿಗೆ ಸೆರಗು ಹಿಡಿದು ಹಿಂದೆ ಸರಿದರೆ ಚಿಕ್ಕಮ್ಮ ಮುಂದಿನ ಸಾಲಿನಲ್ಲೇ ಕೂತಳು. ಡಾಕ್ಟರಮ್ಮ ಗುಟ್ಟಾಗಿ ಕೇಳಿದ್ದಕ್ಕೆಲ್ಲ ಬೀದಿಗೆ ಕೇಳುವಂತೆ ಉತ್ತರ ಕೊಟ್ಟಳು. ಅಂದಿನಿಂದ ತಾನೇ ಸಂಶೋಧಕಿ ಎಂಬ ಗತ್ತು ಬೇರೆ!

ನಾನೋ ಅವಳ ಕಣ್ಣು ತಪ್ಪಿಸಿ ಓಡಾಡತೊಡಗಿದೆ. ಎರಡನೇ ಹೆರಿಗೆಯಾದ ಮೇಲೆ ಕೆಮ್ಮಿದರೆ, ಜೋರಾಗಿ ನಕ್ಕರೆ ನನ್ನ ಸೀರೆ ಒದ್ದೆಯಾಗುತ್ತದೆ. ಗಂಡನಿಗೂ ಹೇಳಿರಲಿಲ್ಲ. ಈ ತಮಟೆಗೆ ತಿಳಿದರೆ ನಾಗಮಂಗಲದವರೆಗೂ ಸಾರಿಬಿಡುತ್ತಾಳಲ್ಲ! "ನೀನೂ ಬಾರೇ" ಎಂದು ಕರೆದಾಗಲೆಲ್ಲ "ನನಗೇನು ಧಾಡಿ?" ಎಂದು ಜಾರಿಕೊಳ್ಳುತ್ತಿದ್ದೆ.

ಕೆಳಗಿನ ಸ್ನಾಯುವನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮವೊಂದನ್ನು ಡಾಕ್ಟರಮ್ಮಂದಿರು ಹೇಳಿಕೊಟ್ಟಿದ್ದರು. ಯಾರಿಗೂ ಗೊತ್ತಾಗದಂತೆ ಮಾಡಬಹುದಂತೆ. ಯಾರಿಗೂ ಗೊತ್ತಾಗದಂತೆ! ನಮ್ಮ ಚಿಕ್ಕಮ್ಮ! ಒಂದು ಬೆಳಿಗ್ಗೆ ಹಸು ಕರೆಯುತ್ತಲೇ, "ಬಿಗ್ಯಾಗಿ ಇಡ್ಕೋ... ಇಡ್ಕೋ... ಈಗ ಬುಡು!" ಎಂದು ಶುರು ಮಾಡಿದಳು. ಮದುವೆಯಾದಾಗಿನಿಂದ ಹೆಂಡತಿಯ ಮಾತು ಮೀರದ ಚಿಕ್ಕಪ್ಪ, ಪಕ್ಕದಲ್ಲಿ ಹಿಡಿದು ನಿಂತಿದ್ದ ಕರುವಿನ ಹಗ್ಗ ಬಿಟ್ಟೇಬಿಟ್ಟ.

"ನೀನೇ ಬುಡು ಅಂದ್ಯಲ್ಲಮ್ಮಿ!"

"ನಿಂಗಲ್ಲ ಕಣಪ್ಪ, ನಂಗೆ ನಾನೇ ಯೋಳ್ಕಂಡಿದ್ದು!"

ಸಂಶೋಧನೆಯ ಮೊದಲ ಫಲ ಹೀಗೆ ಕರುವಿನ ಹೊಟ್ಟೆ ಸೇರಿತು.

ಆಮೇಲೆ ನಾಗಮಂಗಲದಲ್ಲಿ ನೆಂಟರ ಮದುವೆ. ಗಂಡಸರು ಛತ್ರದ ಕಾಂಪೌಂಡಿನ ಉದ್ದಕ್ಕೂ ನಿಶ್ಚಿಂತೆಯಾಗಿ ನಿಂತಿದ್ದರು. ಅವರಿಗೇನು, ಕಂಡ ಗೋಡೆಯೆಲ್ಲ ಸ್ವಂತದ್ದು! ಹೆಂಗಸರು ಬೆಳಗಿನಿಂದ ತೊಟ್ಟು ನೀರು ಕುಡಿಯದೆ ರೇಷ್ಮೆ ಸೀರೆಯಲ್ಲಿ ಒಣಗುತ್ತಿದ್ದರು. ಹೆಂಗಸರ ಪಾಯಿಖಾನೆಗೆ ಬೀಗ. ಚಿಕ್ಕಮ್ಮ ಗಲಾಟೆ ಮಾಡಿ ತೆಗೆಸಿದರೆ ಒಳಗೆ ಬರೀ ಪ್ಲಾಸ್ಟಿಕ್ ಕುರ್ಚಿ!

"ಏನಪ್ಪಾ, ಈ ಕುರ್ಚಿಗಳ್ಗೇ ಅರ್ಜೆಂಟಾಗಿತ್ತಾ?" ಎಂದಳು. ಗಂಡಿನ ಅಪ್ಪನೇ ಪೇಟ ಸರಿಮಾಡಿಕೊಂಡು ಕುರ್ಚಿ ಹೊತ್ತ.

ಹಿಂದಿರುಗುವ ಬಸ್ಸಿನಲ್ಲಿ ಇದೇ ಪುರಾಣ. "ನಂದೀಗ ಕೆರೆ ತೂಬಿದ್ದಂಗೆ, ಒಂದ್ ತೊಟ್ಟು ಸೋರಕಿಲ್ಲ" ಎಂದು ಕಂಡಕ್ಟರನಿಗೂ ಪಾಠ ಮಾಡಿದಳು. ನಾನು ನಗು ತಡೆಯಲು ಹೋದೆ, ಅದು ಕೆಮ್ಮಾಯಿತು, ಬಸ್ಸು ಹಳ್ಳಕ್ಕೆ ಇಳಿದು ಎದ್ದಿತು. ಇನ್ನು ನನ್ನ ಕೈಯಲ್ಲಿ ಆಗುವಂತಿರಲಿಲ್ಲ. ಕಂಬಿ ಹಿಡಿದು ಬೆವೆತುಹೋದೆ.

ಚಿಕ್ಕಮ್ಮ ನನ್ನ ಮುಖ ನೋಡಿದಳು. ಧಡಕ್ಕನೆ ಎದ್ದಳು.

"ನಿಲ್ಸಲಾ ಡ್ರೈವರಾ! ನಂಗೆ ತಡ್ಯಕ್ಕಾಗ್ತಿಲ್ಲ!"

"ಏನಮ್ಮೋ, ತೂಬು ಕೈ ಕೊಡ್ತಾ?" ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು.

"ಊಂ ಕಣ್ಲಾ, ಕೈ ಕೊಡ್ತು. ಬಾರೇ, ಜೊತೆಗೆ" ಎಂದು ನನ್ನ ರಟ್ಟೆ ಹಿಡಿದು ಇಳಿಸಿದಳು.

ಬೇಲಿಯ ಮರೆಯಲ್ಲಿ ನನಗೆ ಬೆನ್ನು ಮಾಡಿ, ಬಸ್ಸಿನ ಕಡೆಗೆ ಸೆರಗನ್ನು ಅಗಲಿಸಿ ಹಿಡಿದು ನಿಂತಳು.

"ನೀನ್ ಕೂತ್ಕಳೇ ಮಗ. ನಂಗೇನೂ ಬಂದಿಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು ಚಿಕ್ಕಮ್ಮಾ?"

"ಮಗೀನ ನಾಮಕರಣದ ದಿನವೇ. ಕೆಮ್ಮು ಬಂದ್ರೆ ನೀನು ಕುಂತ ಜಾಗ ಬುಟ್ಟು ಏಳ್ತಿರ್ಲಿಲ್ಲ."

ಅಷ್ಟು ದಿನದಿಂದ ಗೊತ್ತಿದ್ದರೂ ಆ ಬಾಯಿ ಒಬ್ಬರ ಮುಂದೆಯೂ ತೆರೆದಿರಲಿಲ್ಲ. ಬಸ್ಸಿನಲ್ಲಿ ಇನ್ನೂ ನಗುತ್ತಿದ್ದರು. ನನ್ನ ಪಾಲಿನ ನಗೆಪಾಟಲನ್ನೆಲ್ಲ ಅವಳೊಬ್ಬಳೇ ಹೊತ್ತು ನಿಂತಿದ್ದಳು. ನನಗೆ ಅಳು ಬಂತು.

"ಮುಂದಿನ ಸಲ ಡಾಕ್ಟರಮ್ಮನ ಹತ್ರ ನಾನೂ ಬರ್ತೀನಿ, ಚಿಕ್ಕಮ್ಮಾ" ಎಂದೆ.