ಹಾಲುವಾಣಕ್ಕೆ ನಾನು ಮಾಡಿದ ಶುಶ್ರೂಷೆ

ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದ ನನಗೆ ಒಂದು ಮರ ಬೆಳೆಸುವುದು ಯಾವ ಮಹಾ ಕೆಲಸ ಅನ್ನಿಸಿತ್ತು. ಮರ ಹಾಸಿಗೆ ಬಿಟ್ಟು ಓಡುವುದಿಲ್ಲ, ಮಾತ್ರೆ ಉಗುಳುವುದಿಲ್ಲ, ಸೂಜಿ ಕಂಡು ಅಳುವುದಿಲ್ಲ. ಇದಕ್ಕಿಂತ ಒಳ್ಳೆಯ ರೋಗಿ ಎಲ್ಲಿ ಸಿಗಬೇಕು?

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ವಿದ್ಯಾನಗರದ ನಮ್ಮ ಮನೆಯಲ್ಲಿ ಮಗನ ಮದುವೆ. ಹಂದರದ ಹಾಲುಗಂಬಕ್ಕೆಂದು ಹರಿಹರದ ಬೀಗಿತ್ತಿ ಗೌರಮ್ಮ ತಮ್ಮ ಎಲೆತೋಟದಿಂದ ಹಾಲುವಾಣದ ಕೊಂಬೆ ಕಡಿಸಿ ಕಳಿಸಿದ್ದರು. ಅಲ್ಲಿ ವೀಳ್ಯದೆಲೆಯ ಬಳ್ಳಿ ಹಬ್ಬುವುದೇ ಆ ಮರದ ಮೇಲೆ. ಮುತ್ತೈದೆಯರು ಅರಿಶಿನ ಹಚ್ಚಿ, ಬುಡಕ್ಕೆ ಹಾಲೆರೆದು ನೆಟ್ಟರು. ಮದುವೆ ಮುಗಿದು ಹಂದರ ಬಿಚ್ಚಿದೆವು. ಕಂಬ ಕೀಳುವುದು ಮರೆತೆವು. ಆಮೇಲೊಂದು ದಿನ ನೋಡಿದರೆ ಆ ಮುಳ್ಳುಗೂಟ ಚಿಗುರಿ ನಿಂತಿದೆ. ಬೇರಿಲ್ಲದ ಕೋಲು, ಯಾರೂ ನೀರು ಹಾಕಿಲ್ಲ, ಬದುಕಿದ್ದು ಹೇಗೆ? ನನಗೆ ಕುತೂಹಲ ತಡೆಯಲಾಗಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಗೌರಮ್ಮನವರಿಗೆ ಫೋನ್ ಮಾಡಿದೆ.

“ಅದು ಹಂಗೇ ರೀ ಅಕ್ಕಾರೆ. ಕೊಂಬೆ ನೆಟ್ರೆ ಬರ್ತೈತೆ. ನಮ್ಮ ತೋಟದಾಗೆ ಬಳ್ಳಿಗೆ ಬಿಸ್ಲು ಬೇಕಂತ ಕೊಂಬೆ ಸವರ್ತಾನೇ ಇರ್ತೀವಿ. ಒಂದು ಮರಾನೂ ಮೈತುಂಬ ಹೂವಾಗಿದ್ದು ನಾನು ಕಂಡಿಲ್ಲ. ನಿಮ್ದು ಕೆಂಪಗೆ ಹೂಬಿಟ್ಟಾಗ ಕರೀರಿ, ಬಂದುಬಿಡ್ತೀನಿ.”

“ಖಂಡಿತ,” ಎಂದೆ. ಮೇಟ್ರನ್ ಕೊಟ್ಟ ಮಾತು.

ಅಂದಿನಿಂದ ಚಿಕಿತ್ಸೆ ಶುರು. ಬೆಳಿಗ್ಗೆ ನೀರು, ಸಂಜೆ ನೀರು, ಸೋಮವಾರ ಗೊಬ್ಬರ. ವರ್ಷ ಕಳೆದಂತೆ ಮರ ಎತ್ತರವಾಯಿತು, ದಪ್ಪವಾಯಿತು. ಎಲೆಯೋ ಎಲೆ. ಹೂವು ಮಾತ್ರ ಇಲ್ಲ. ಮಂಡಿಪೇಟೆಯ ಮೆಣಸಿನಕಾಯಿ ಅಂಗಡಿಗೆ ಹೊರಟ ನಮ್ಮ ಯಜಮಾನರು ದಿನಾ ನಿಂತು ಕೇಳುವರು, “ಪಾಪ, ಇದಕ್ಕೆ ಡಿಸ್ಚಾರ್ಜ್ ಯಾವಾಗ?”

ಗೌರಮ್ಮನವರನ್ನು ಮತ್ತೆ ಕೇಳಿದೆ. “ನೀರು ನಿಲ್ಸಿ ನೋಡ್ರಿ. ಶಿವರಾತ್ರಿ ಮುಗಿಸ್ಕೊಂಡು ಬರ್ತೀನಿ,” ಎಂದರು.

ರೋಗಿಯನ್ನು ಉಪವಾಸ ಕೆಡವಲು ಮನಸ್ಸಿಲ್ಲದಿದ್ದರೂ ನೀರು ನಿಲ್ಲಿಸಿದೆ. ಚಳಿ ಇಳಿಯುವಷ್ಟರಲ್ಲಿ ಎಲೆಯೆಲ್ಲ ಉದುರಿ ಮರ ಬೋಳಾಯಿತು. ಏಣಿ ಹತ್ತಿ ಪರೀಕ್ಷಿಸಿದೆ. ಕೊಂಬೆಗಳ ತುದಿಯಲ್ಲೆಲ್ಲ ಕಂದು ಬಣ್ಣದ, ಕೊಕ್ಕಿನಂತೆ ಬಾಗಿದ ಗಂಟುಗಳು ಗೊಂಚಲುಗೊಂಚಲಾಗಿ ಎದ್ದಿದ್ದವು. ನನ್ನ ರೋಗನಿರ್ಣಯಕ್ಕೆ ಕ್ಷಣವೂ ಬೇಕಾಗಲಿಲ್ಲ: ಸೋಂಕು, ಮೈಯೆಲ್ಲ ಹರಡಿದೆ.

ಕತ್ತರಿ ಕುದಿಸಿದೆ. ಕೈಗವಸು ತೊಟ್ಟೆ. ಯಜಮಾನರು ಏಣಿ ಹಿಡಿದರು.

“ಅಲ್ಲ ಕಣೇ, ಇದು ಮೊಗ್ಗು ಇರಬೌದಾ ನೋಡು.”

“ನಿಮಗೆ ಮೆಣಸಿನಕಾಯಿ ಗೊತ್ತು. ಸೋಂಕು ನನಗೆ ಗೊತ್ತು. ಏಣಿ ಅಲ್ಲಾಡಿಸಬೇಡಿ.”

ಒಂದೊಂದೇ ಗಂಟು ಕತ್ತರಿಸಿ, ಗಾಯಕ್ಕೆ ಅರಿಶಿನ ಮೆತ್ತಿ, ಕತ್ತರಿಸಿದ್ದನ್ನೆಲ್ಲ ಬಕೆಟ್ಟಿಗೆ ಹಾಕಿದೆ. ನನ್ನ ಸೇವಾವಧಿಯಲ್ಲೇ ಅಷ್ಟು ಅಚ್ಚುಕಟ್ಟಾದ ಶಸ್ತ್ರಚಿಕಿತ್ಸೆ ನಡೆದಿರಲಿಲ್ಲ.

ಮರುದಿನವೇ ಗೌರಮ್ಮ ಬಸ್ಸಿಳಿದು ಬಂದರು. ಮರ ನೋಡಿದರು. ಬಕೆಟ್ಟು ನೋಡಿದರು. ಒಂದು ಗಂಟು ಎತ್ತಿ ಉಗುರಿನಿಂದ ಸೀಳಿ ನನ್ನ ಮುಂದೆ ಹಿಡಿದರು. ಒಳಗೆ ಕಡುಕೆಂಪು ಎಸಳು, ರೇಷ್ಮೆ ಸೀರೆ ಮಡಿಸಿಟ್ಟಂತೆ.

“ಅಕ್ಕಾರೆ, ಇದು ಹೂವು.”

ನಾನು ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

“ಒಂದಾದ್ರೂ ಬಿಟ್ಟೀರೇನ್ರಿ?”

ಯಜಮಾನರು ಉತ್ತರ ಕೊಟ್ಟರು, “ಇವ್ಳು ಕೆಲ್ಸ ಅರ್ಧಕ್ಕೆ ಬಿಡೋಳಲ್ರೀ.”

ಗೌರಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರಲ್ಲಿ ನಗು ಎಷ್ಟು, ನಿರಾಸೆ ಎಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಅಂದರು, “ಬರೋ ವರ್ಷ ಬರ್ತೀನಿ. ಅಲ್ಲೀತನಕ ಮರಾನ ಬೀಗರಿಗೆ ವಹಿಸ್ರಿ.”

“ನಾನೇನು ಮಾಡ್ಬೇಕ್ರಿ?” ಎಂದರು ಯಜಮಾನರು.

“ಏನೂ ಮಾಡಾದು ಬ್ಯಾಡ್ರಿ.”

“ಅದು ನಂಗೆ ಚೆನ್ನಾಗಿ ಬರ್ತೈತೆ.”

ಮುಂದಿನ ವರ್ಷ ಎಲೆಯಿಲ್ಲದ ಮರ ಬುಡದಿಂದ ತುದಿವರೆಗೆ ಕೆಂಪಾಯಿತು. ಮೈನಾ, ಕಾಗೆ, ಹೆಸರು ತಿಳಿಯದ ಪುಟ್ಟ ಹಕ್ಕಿಗಳೆಲ್ಲ ಮಕರಂದಕ್ಕೆ ಕಚ್ಚಾಡಿದವು. ಗೌರಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಫಿ ಆರಿದ್ದೂ ತಿಳಿಯದೆ ಮೇಲೇ ನೋಡುತ್ತ ಕೂತರು. ಬೀದಿಯವರೆಲ್ಲ ಬಂದು ಯಜಮಾನರನ್ನು ಹೊಗಳಿದರು. ಅವರು ವಿನಯದಿಂದ ಒಪ್ಪಿಕೊಂಡರು.

ನಾನು ಹತ್ತಿರ ಹೋದರೆ ಮಾತ್ರ ತಡೆಯುತ್ತಾರೆ. ಮೊದಲು ಕೈಯೆರಡೂ ತೋರಿಸಬೇಕು. ಕತ್ತರಿ ಇಲ್ಲವೆಂದು ಖಾತ್ರಿಯಾದ ಮೇಲೇ ನನಗೆ ಭೇಟಿಗೆ ಅವಕಾಶ.