ಮಾವನ ಕಾಯಿಲೆಗೆ ನಾನು ಹಾಕಿದ ಬೀಗ

ಚಿತ್ರದುರ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾದ ನನಗೆ ಒಂದು ವಿಷಯದಲ್ಲಿ ಅಪಾರ ಆತ್ಮವಿಶ್ವಾಸ. ಪ್ರೋಗ್ರಾಂ ಬರೆಯುವಾಗ ಯಾವ ಮಾಹಿತಿ ಪ್ರೈವೇಟ್ ಆಗಿರಬೇಕು, ಯಾವುದು ಪಬ್ಲಿಕ್ ಆಗಿರಬೇಕು ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. "ಪಬ್ಲಿಕ್ ಅಂದರೆ ಬಂದವರೆಲ್ಲ ನೋಡಬಹುದು. ಪ್ರೈವೇಟ್ ಅಂದರೆ ಯಾರದೋ ಅವರಿಗೆ ಮಾತ್ರ!" ಎಂದು ಪ್ರತಿ ವರ್ಷ ಮೇಜು ಕುಟ್ಟಿ ಪಾಠ ಮಾಡುತ್ತೇನೆ. ಆ ಕೊನೆಯ ಮಾತೇ ನನ್ನನ್ನು ಮುಳುಗಿಸಿತು.

ಮತ್ತೋಡಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ನನ್ನ ಮಾವನಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಯಿತು ಎಂದರೆ ಊರಿಗೆಲ್ಲ ಗೊತ್ತಾಯಿತು. ಹೊಳಲ್ಕೆರೆಯ ದೊಡ್ಡಮ್ಮನಿಂದ ಹಿಡಿದು ಗಿರಣಿಗೆ ರಾಗಿ ತರುವವರವರೆಗೆ ಎಲ್ಲರಿಗೂ ತಿಳಿದಿತ್ತು. ತಿಳಿಯದಿದ್ದವರು ಮಾವ ಒಬ್ಬರೇ! ಅವರಿಗೆ ಹೊಟ್ಟೆಯಲ್ಲಿ ಗ್ಯಾಸು ಎಂದು ಹೇಳಲಾಗಿತ್ತು. ಗ್ಯಾಸು ನೋಡಲು ಇಷ್ಟು ಜನ ಕಿತ್ತಳೆ ಹಿಡಿದು ಬಂದು, ಕಣ್ಣೊರೆಸಿಕೊಂಡು ಹೋಗುವುದೇಕೆ ಎಂದು ಅವರೂ ಕೇಳಲಿಲ್ಲ.

ಯಾವ ಮಾತ್ರೆ ಯಾವಾಗ, ಈ ಸಲ ಆಸ್ಪತ್ರೆಗೆ ಯಾರು ಕರೆದೊಯ್ಯಬೇಕು ಎಂಬುದೆಲ್ಲ ಫೋನಿನಲ್ಲಿ ಗೊಂದಲವಾಗುತ್ತಿತ್ತು. ನಾನೊಂದು ಆಪ್ ಮಾಡಿಕೊಡುತ್ತೇನೆ ಎಂದು ಘೋಷಿಸಿದೆ. ಯಾರೂ ಕೇಳಿರಲಿಲ್ಲ.

"ಅಪ್ಪನ ಕಾಯಿಲೆ ಹೆಸರು ಅದ್ರಾಗೆ ಕಾಣಬಾರ್ದು ನೋಡ್ರಿ" ಎಂದಳು ಹೆಂಡತಿ ಶಾರದಾ.

"ಪ್ರೈವೇಟ್ ಮಾಡ್ತೀನಿ ಕಣೇ! ನನಗೇ ಪಾಠ ಹೇಳ್ತೀಯಾ?"

ಮಾಡಿದೆ. ಮಾವನ ಹೆಸರಿನ ಕೆಳಗೆ ಕಾಯಿಲೆ ಬರೆದು, ಅದಕ್ಕೆ ಪ್ರೈವೇಟ್ ಎಂಬ ಬೀಗ ಹಾಕಿದೆ. ನನ್ನ ಫೋನು, ಶಾರದಾಳ ಫೋನು, ಹಿರಿಯೂರಿನ ಭಾವಮೈದನ ಫೋನು, ಎಲ್ಲವನ್ನೂ ಪರೀಕ್ಷಿಸಿದೆ. ಕಾಯಿಲೆಯ ಹೆಸರು ಎಲ್ಲೂ ಇಲ್ಲ! ಎದೆಯುಬ್ಬಿಸಿಕೊಂಡು, ಮಾತ್ರೆಯ ಹೊತ್ತಿಗೆ ಗಂಟೆ ಬಾರಿಸಲೆಂದು ಮಾವನ ಫೋನಿಗೂ ಹಾಕಿಕೊಟ್ಟೆ.

ಮುಂದಿನ ಭಾನುವಾರ ನಾವು ಮತ್ತೋಡಿಗೆ ಹೋದಾಗ ಮಾವ ಗಿರಣಿ ನಿಲ್ಲಿಸಿ ನನ್ನನ್ನು ಒಳಗೆ ಕರೆದರು.

"ಅಳಿಯಂದ್ರೇ, ನನ್ನ ಹೆಸರು ಒತ್ತಿದ್ರೆ ಲಿವರ್ ಕ್ಯಾನ್ಸರ್ ಅಂತ ಬರ್ತೈತಲ್ರಿ?"

ಪ್ರೈವೇಟ್ ಎಂದರೆ ಯಾರದೋ ಅವರಿಗೆ ಮಾತ್ರ! ಊರಿಗೆಲ್ಲ ಗೊತ್ತಿದ್ದದ್ದನ್ನು ಊರಿನಿಂದ ಮುಚ್ಚಿಟ್ಟು, ಗೊತ್ತಾಗಬಾರದ ಒಬ್ಬರಿಗೆ ಮಾತ್ರ ತೆರೆದಿಟ್ಟಿದ್ದೆ. ಅದೂ ಶಾಸ್ತ್ರೋಕ್ತವಾಗಿ!

"ಅದು... ಸ್ಯಾಂಪಲ್ ಮಾವ! ಬೇರೆ ಯಾರದೋ."

"ಅವರ ಹೆಸರೂ ನಂದೇನಾ? ಅವರಿಗೂ ಮತ್ತೋಡಿನಾಗೆ ಗಿರಣಿ ಐತಾ?"

ಮಾವ ಮೀಸೆಗಂಟಿದ ಹಿಟ್ಟು ಒರೆಸಿಕೊಂಡರು.

"ಹೋಗ್ಲಿ ಬಿಡ್ರಿ. ಇನ್ನೆಷ್ಟು ದಿನ ಅಂತ ಅದ್ರಾಗೆ ಬರೆದಿಲ್ಲಲ್ಲ?"

"ಅದು ಯಾರಿಗೂ ಗೊತ್ತಿಲ್ಲ ಮಾವ."

"ನಿಮ್ಮತ್ತೆಗೆ ಮಾತ್ರ ಹೇಳಬ್ಯಾಡ್ರಿ. ನನಗೆ ಗೊತ್ತಿಲ್ಲ ಅನ್ಕಂಡೇ ಅವಳು ಎರಡು ತುತ್ತು ಉಣ್ತಾಳೆ."

ಜೀವ ಹೋದರೂ ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಗಿರಣಿಯ ಪಕ್ಕದಲ್ಲೇ ಮನೆ. ಬಾಗಿಲಲ್ಲಿ ನಿಂತಿದ್ದ ಶಾರದಾ ನನ್ನ ಮುಖ ನೋಡಿ "ಏನಾತ್ರಿ?" ಎಂದಳು.

ಹೇಳಿಬಿಟ್ಟೆ! ಅವಳು ಅಳುತ್ತಾ ಅಮ್ಮನಿದ್ದ ಅಡುಗೆಮನೆಗೆ ಓಡಿದಳು.

ಊಟಕ್ಕೆ ಮೊದಲು ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಕಣ್ಣು ಕೆಂಪಾಗಿತ್ತು. "ಅವರಿಗೆ ತಿಳಿದೈತೆ ಅಂತ ನನಗೆ ಗೊತ್ತಾಗಿದ್ದು ಅವರಿಗೆ ಹೇಳಬ್ಯಾಡ್ರಿ. ಅವರೂ ಉಣ್ಣದು ಬಿಟ್ಬಿಡ್ತಾರೆ."

ಎಲ್ಲರೂ ಊಟಕ್ಕೆ ಕುಳಿತೆವು. ಅತ್ತೆ ಮುದ್ದೆ ಬಡಿಸಿ, ಮಾತ್ರೆ ಮುಂದಿಟ್ಟು "ಗ್ಯಾಸಿಂದು, ತಗಳ್ರಿ" ಎಂದರು. ಮಾವ ನುಂಗಿ, ಜೋರಾಗಿ ತೇಗಿ, "ಎಷ್ಟೋ ಹಗುರ ಆತು ಕಣೇ" ಎಂದರು. ಅತ್ತೆ ನಕ್ಕು, ತಾವೂ ಒಂದು ತುತ್ತು ಉಂಡರು. ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ.

ಬಿಕ್ಕಿ ಬಿಕ್ಕಿ ಅತ್ತವನು ನಾನೊಬ್ಬನೇ!

"ಯಾಕ್ರಿ ಅಳಿಯಂದ್ರೇ?" ಎಂದರು ಮಾವ.

"ಸಾರು ಖಾರ" ಎಂದೆ.

ಮಾವನಿಗಾಗಿ ಆ ಮನೆಯ ಸಾರಿಗೆ ಖಾರ ಹಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.