ಅಂಜೂರದ ತೋಟದಲ್ಲಿ ಪಂಕ್ತಿಭೇದ

ಕುರುಗೋಡಿನ ನಮ್ಮ ಸೋದರಮಾವ ಒಬ್ಬರೇ ನಿಂತು ಸರ್ಕಾರದ ಒಂದು ಸಂಶೋಧನೆಯನ್ನು ಇಡೀ ವರ್ಷ ಹಿಂದಕ್ಕೆ ತಳ್ಳಿದರು. ಅದೂ ಕೇಡು ಬಯಸಿ ಅಲ್ಲ, ಬಡಿಸುವ ಬುದ್ಧಿಯಿಂದ! ಕೆಲವು ವಿವರ ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಗಿಡದ ಸಾಲುಗಳು ಆರಿದ್ದವೋ ಎಂಟೋ, ನನ್ನ ಡೈರಿಯಲ್ಲಿ ಎರಡೂ ಬರೆದಿದೆ. ಆದರೆ ಮಾವ ತಪ್ಪು ಒಪ್ಪಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ.

ಸರ್ಕಾರದ ಅನುದಾನದಲ್ಲಿ ಅಂಜೂರಕ್ಕೆ ಹೊಸ ಗೊಬ್ಬರವೊಂದರ ಪ್ರಯೋಗ. ವಿಜ್ಞಾನಿ ಮೇಡಂ ಮಾವನ ತೋಟವನ್ನೇ ಆರಿಸಿದರು. ಒಂದು ಸಾಲಿಗೆ ಗೊಬ್ಬರದ ನೀರು, ಪಕ್ಕದ ಸಾಲಿಗೆ ಬರೀ ನೀರು, ವ್ಯತ್ಯಾಸ ನೋಡಬೇಕು. ಮಾವ ತಲೆಯಾಡಿಸಿದರು. ಆದರೆ ಇವರು ಎಂಥವರು ಗೊತ್ತೆ? ಮದುವೆಯ ಊಟದಲ್ಲಿ ಬೀಗರ ಎಲೆಗೆ ಮಾತ್ರ ಎರಡು ಸಲ ತುಪ್ಪ ಬಿತ್ತೆಂದು ಎದ್ದು, ತುಪ್ಪದ ಪಾತ್ರೆ ಕಸಿದುಕೊಂಡು ಡೋಲಿನವರವರೆಗೂ ಬಡಿಸಿದವರು! ಪಂಕ್ತಿಭೇದವೆಂದರೆ ಅವರಿಗೆ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗೆ.

ವರ್ಷದ ಕೊನೆಗೆ ಮೇಡಂ ಬಂದರು. ನೋಡಲು ಸಿರುಗುಪ್ಪದ ರೈತರೂ ಬಂದರು. ಹಣ್ಣು ತೂಗಿದರೆ ಎರಡೂ ಬಗೆಯ ಸಾಲಿನದು ಒಂದೇ ತೂಕ.

“ನೋಡ್ರಿ, ಎಲ್ಲಾರೂ ಸಮ!” ಮಾವ ಮೀಸೆ ತಿರುವಿದರು.

ಮೇಡಂ ಮುಖ ಸಣ್ಣದಾಯಿತು. “ಗೊಬ್ಬರಕ್ಕ ಫಲ ಇಲ್ಲ ಅಂತ ಬರೀಬೇಕಾಗತೈತ್ರಿ, ಯಜಮಾನ್ರ. ಮುಂದಿನ ವರ್ಷ ಅನುದಾನ ಬರಂಗಿಲ್ಲ.”

ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಮಾವ ಅಷ್ಟು ಜನರ ಮುಂದೆ ಕೈಮುಗಿದರು. “ಗೊಬ್ಬರದ್ದು ತಪ್ಪಿಲ್ರಿ, ತಪ್ಪು ನಂದು. ಅದ್ರಾಗ ಅರ್ಧ ತೆಗದು ಈ ಸಾಲಿಗೂ ಹಾಕೀನಿ. ಒಂದ ಪಂಕ್ತ್ಯಾಗ ಕುಂದರ್ಸಿ ಅವ್ರಿಗೆ ಹೋಳಿಗಿ, ಇವ್ರಿಗೆ ಬರೇ ನೀರು ಅಂದ್ರ ಹೆಂಗ್ ನೋಡ್ಲಿರಿ?”

“ಗಿಡಾರೀ ಅವು!”

“ಅದಕ್ಕಾ ಮತ್ತ. ಬಾಯಿಬಿಟ್ಟು ಕೇಳಂಗಿಲ್ಲ.”

ಮೇಡಂ ನಡೆದದ್ದನ್ನು ನಡೆದಂತೆ ಬರೆದು ಇನ್ನೊಂದು ವರ್ಷ ಕೇಳಿ ಪಡೆದರು. ಷರತ್ತು ಒಂದೇ: ಗೊಬ್ಬರ ಹಾಕುವವರು ಅತ್ತೆ, ಆ ದಿನಗಳಲ್ಲಿ ಮಾವ ತೋಟದಲ್ಲಿರಕೂಡದು! ಗಡೀಪಾರಾದ ಮಾವ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದರು. ತುಳಸಿಗೆ ಎರೆದಷ್ಟೇ ನೀರನ್ನು ನಮ್ಮ ಕುಂಡದ ಕಳ್ಳಿಗೂ ಎರೆದರು. ಕಳ್ಳಿ ಸಮಾನತೆ ತಾಳದೆ ಕೊಳೆಯಿತು. ಹೊತ್ತುಹೊತ್ತಿಗೆ ಅತ್ತೆಗೆ ಫೋನು.

“ಬರೇ ನೀರಿನ ಸಾಲು ಹೆಂಗೈತಿ?”

“ಅಳಾಕತ್ತಿಲ್ಲ. ನೀವು ಉಂಡು ಮಲಗ್ರಿ!”

ಈ ಸಲ ವ್ಯತ್ಯಾಸ ಎದ್ದು ಕಂಡಿತು, ಅನುದಾನ ಉಳಿಯಿತು. ತೂಕ ಮುಗಿದ ಮೇಲೆ ಮೇಡಂ ಮಾವನನ್ನೂ ತೋಟಕ್ಕೆ ಕರೆಸಿ ಎಲ್ಲರಿಗೂ ಹಣ್ಣು ಹಂಚಿದರು. ಮಾವ ಬರೀ ನೀರಿನ ಸಾಲಿನ ಸಣ್ಣ ಹಣ್ಣುಗಳನ್ನೇ ಆರಿಸಿ, ಕಣ್ಣು ಮುಚ್ಚಿ, ಒಂದಾದ ಮೇಲೊಂದು ನಾಲ್ಕು ತಿಂದರು.

ನಾನು ನೋಡುತ್ತಾ ನಿಂತೆ. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿದ್ದು ಶಾಲೆಗೆ ಹೋದವಳು ನಾನು. ಆಗ ತೋಟವಿರಲಿಲ್ಲ, ಹಿತ್ತಲಲ್ಲಿ ಒಂದೇ ಅಂಜೂರದ ಗಿಡ. ತಮ್ಮ ಮೂವರು ಮಕ್ಕಳ ಸಾಲಿನಲ್ಲಿ ನನ್ನನ್ನೂ ಕೂರಿಸಿ ಒಂದೊಂದು ಹಣ್ಣು ಇಡುತ್ತಿದ್ದರು. ಅತ್ತೆ “ನಿಮಗ?” ಎಂದರೆ, “ನನಗ ಅಂಜೂರ ಸೇರಂಗಿಲ್ಲ ಬಿಡು.” ಇದೊಂದು ನೆನಪು ಮಾತ್ರ ತಪ್ಪಿಲ್ಲ.

“ಮಾಮಾ, ಅಂಜೂರ ನಿಮಗ ಯಾವಾಗಿಂದ ಸೇರಾಕ ಹತ್ತಿತು?” ಎಂದು ಕೇಳಿದೆ.

ಕೈಯಲ್ಲಿದ್ದ ಐದನೆಯ ಹಣ್ಣನ್ನು ನನ್ನ ಅಂಗೈಯಲ್ಲಿಟ್ಟು, ಗಿಡಗಳಿಗೆ ನೀರು ಬಿಡಲು ಹೋದರು.